ಮಳೆಗೆ ಸೆಂಟಿನ ಲೆಕ್ಕ, ಪ್ರಾರ್ಥನೆಗೆ ಮಾತ್ರ ಅಂದಾಜು

ಪ್ರಶ್ನೆ: ಪಾಸ್ಟರ್, ನಾವು ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟದಲ್ಲಿದ್ದೇವೆ. ನಮ್ಮ ಮನೆಯವರು ಅಲ್ಲೇ ಲೆಕ್ಕ ಬರೆಯುವ ರೈಟರ್. ಮಗಳಿಗೆ ನರ್ಸಿಂಗ್ ಸೀಟ್ ಸಿಕ್ಕಿದೆ, ಫೀಸಿಗೆ ಸುಮಾರು ಒಂದು ಲಕ್ಷ ಬೇಕು. ನನ್ನ ನಾದಿನಿ 'ದೇವರ ಹತ್ತಿರ ಇಷ್ಟು ದುಡ್ಡು, ಇಂಥ ದಿನದೊಳಗೆ ಅಂತ ನೇರವಾಗಿ ಕೇಳಿ' ಅಂತಾಳೆ. ಅತ್ತೆ ಬೈತಾರೆ, 'ದೇವರಿಗೆ ಗೊತ್ತಿಲ್ವಾ? ಲೆಕ್ಕ ಒಪ್ಪಿಸೋಕೆ ಅವನೇನು ಅಂಗಡಿಯವನಾ?' ಅಂತ. ನಾನು ಸುಮ್ನೆ 'ನಿನ್ನ ಚಿತ್ತದಂತೆ ಆಗಲಿ' ಅಂತ ಹೇಳಿ ಮುಗಿಸ್ತೇನೆ. ನಿಜ ಹೇಳಬೇಕೆಂದರೆ, ಕೇಳಿ ಸಿಗದಿದ್ದರೆ ನನ್ನ ನಂಬಿಕೆಯೇ ಹೋಗಿಬಿಡುತ್ತೇನೋ ಅಂತ ಭಯ. ಹೇಗೆ ಪ್ರಾರ್ಥನೆ ಮಾಡಲಿ?

ಉತ್ತರ: ಅಮ್ಮಾ, ನಿಮ್ಮ ಪ್ರಶ್ನೆಯಲ್ಲಿ ಅತ್ತೆ ಇದ್ದಾರೆ, ನಾದಿನಿ ಇದ್ದಾರೆ, ಆದರೆ ನಿಜವಾದ ವಿಷಯ ಇರುವುದು ಕೊನೆಯ ಸಾಲಿನಲ್ಲಿ. ಕೇಳಿ ಸಿಗದಿದ್ದರೆ? ಅದನ್ನು ಮುಚ್ಚಿಡದೆ ಬರೆದಿರಲ್ಲ, ಅದಕ್ಕೇ ನಾನೂ ಮುಚ್ಚಿಡದೆ ಉತ್ತರ ಕೊಡಬೇಕು. ಎಷ್ಟೋ ವರ್ಷ ಇದೇ ಭಯ ಇಟ್ಟುಕೊಂಡು ಪ್ರಾರ್ಥನೆ ಮಾಡಿದವನು ನಾನು, ಅದೂ ಸಭೆಯ ಮುಂದೆ ನಿಂತು.

ಒಂದು ಫೆಬ್ರವರಿ ತಿಂಗಳ ಕಥೆ ಹೇಳುತ್ತೇನೆ. ಕೊಡಗಿನಲ್ಲಿ ಫೆಬ್ರವರಿ ಅಂದರೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ, ಹೊರಗಿನ ಓದುಗರಿಗಾಗಿ ಎರಡು ಮಾತು. ಅದು ರೊಬಸ್ಟಾ ಜಾತಿಯ ಕಾಫಿಯ ಕೊಯ್ಲು ಮುಗಿಯುತ್ತಾ ಬರುವ ಹೊತ್ತು. ಈಗಷ್ಟೇ ಕೊಯ್ದವರ ಹಣ್ಣು ಕಣದಲ್ಲಿ ಒಣಗುತ್ತಿರುತ್ತದೆ, ಅವರಿಗೆ ಬಿಸಿಲು ಬೇಕು. ನೆನೆದರೆ ಬೂಸ್ಟು ಹಿಡಿದು ರೇಟು ಬಿದ್ದುಹೋಗುತ್ತದೆ. ಮೊದಲೇ ಕೊಯ್ದು ಮುಗಿಸಿದವರಿಗೆ ಹೂಮಳೆ, ಅಂದರೆ ಕಾಫಿ ಗಿಡದಲ್ಲಿ ಹೂ ಅರಳಿಸುವ ಮಳೆ, ಬೇಕು. ಒಂದು ಇಂಚಾದರೂ ಬಿದ್ದರೆ ವಾರ ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ, ಅರೆಬರೆ ಬಿದ್ದರೆ ಮೊಗ್ಗು ಅರ್ಧಕ್ಕೇ ನಿಂತುಬಿಡುತ್ತದೆ. ಅಂದರೆ ಒಂದೇ ಬೇಲಿಯ ಈಚೆಗೊಬ್ಬರು ಮಳೆ ಬೇಡ ಅಂತಾರೆ, ಆಚೆಗೊಬ್ಬರು ಬೇಕು ಅಂತಾರೆ.

ಬುಧವಾರದ ಮನೆ ಪ್ರಾರ್ಥನೆ. ಹನ್ನೆರಡು ಜನ ಇದ್ದೆವು. ಒಬ್ಬ ಅಜ್ಜಿಯ ಹಣ್ಣು ಅಂಗಳದ ಕಣದಲ್ಲಿತ್ತು, ಒಳಗೆ ಬರುವಾಗಲೇ ಅದರ ಹುಳಿ ವಾಸನೆ ಮೂಗಿಗೆ ಬಡಿಯುತ್ತಿತ್ತು. 'ಎಂಟು ದಿನ ಬಿಸಿಲಿಗಾಗಿ ಪ್ರಾರ್ಥನೆ ಮಾಡಿ' ಅಂದರು. ಅವರ ಪಕ್ಕದ ತೋಟದವರು, ಎರಡು ಎಕರೆ ಇಟ್ಟುಕೊಂಡವರು, ಅಲ್ಲೇ ಗೋಡೆಗೆ ಒರಗಿ ಕೂತಿದ್ದರು. ಸ್ವಲ್ಪ ಸಂಕೋಚದಿಂದಲೇ 'ನಮಗೆ ಮಳೆ ಆಗಬೇಕಿತ್ತು ಪಾಸ್ಟರ್' ಅಂದರು. ಎಲ್ಲರೂ ನನ್ನ ಮುಖ ನೋಡಿದರು. ನಾನು ಕಣ್ಣು ಮುಚ್ಚಿ, 'ಕರ್ತನೇ, ನಿನ್ನ ಮಕ್ಕಳ ಕೊರತೆಗಳನ್ನೆಲ್ಲ ನೀನು ಬಲ್ಲವನು, ಕಾಲಕಾಲಕ್ಕೆ ತಕ್ಕದ್ದನ್ನು ದಯಪಾಲಿಸು' ಅಂತ ಐದು ನಿಮಿಷ ಚೆನ್ನಾಗಿಯೇ ಪ್ರಾರ್ಥಿಸಿದೆ. ಎಲ್ಲರೂ ಆಮೆನ್ ಅಂದರು.

ಹೊರಗೆ ಚಪ್ಪಲಿ ಹುಡುಕುತ್ತಿರುವಾಗ ಅಜ್ಜಿ ಹತ್ತಿರ ಬಂದು ಕೇಳಿದರು: 'ಅಲ್ಲಾ ಪಾಸ್ಟರ್, ಈಗ ನೀವು ಕೇಳಿದ್ದು ಬಿಸಿಲೋ ಮಳೆಯೋ? ನಂಗೆ ಗೊತ್ತಾಗ್ಲಿಲ್ಲ.'

ನನಗೂ ಗೊತ್ತಿರಲಿಲ್ಲ.

ಅವತ್ತು ಮನೆಗೆ ಬಂದು ನೋಡಿದರೆ ಮಳೆ ಅಳೆಯುವ ಮಾಪಕದ ಪಕ್ಕ ನನ್ನದೇ ಪುಸ್ತಕ. ನಮ್ಮ ಕಡೆ ಸಣ್ಣ ತೋಟ ಇರುವವರ ಮನೆಯಲ್ಲೂ ಮಳೆ ಲೆಕ್ಕದ ಪುಸ್ತಕ ಇರುತ್ತದೆ ಅಲ್ವಾ. ನೂರು ಸೆಂಟಿಗೆ ಒಂದು ಇಂಚು. 'ನಿಮ್ಮಲ್ಲಿ ಎಷ್ಟು ಬಿತ್ತು?' ಅಂತ ಫೋನ್ ಬಂದರೆ 'ಜಾಸ್ತಿ ಬಿತ್ತು' ಅಂತ ಯಾರೂ ಹೇಳುವುದಿಲ್ಲ, 'ಎಪ್ಪತ್ತೆರಡು ಸೆಂಟು' ಅಂತಲೇ ಹೇಳುತ್ತಾರೆ. ಬಿದ್ದ ಮಳೆಯನ್ನು ಇಷ್ಟು ಕರಾರುವಾಕ್ಕಾಗಿ ಬರೆದಿಡುವ ನಾನು, ಕೇಳುವಾಗ ಮಾತ್ರ ಯಾಕೆ ಹೀಗೆ ಅಂದಾಜಿನಲ್ಲಿ ಕೇಳಿದೆ? ಯೋಚನೆ ಮಾಡಿದಾಗ ಉತ್ತರ ಸಿಕ್ಕಿತು, ಅಷ್ಟು ಹೆಮ್ಮೆಯ ಉತ್ತರವೇನಲ್ಲ. ಏನನ್ನೂ ಕೇಳದಿದ್ದರೆ ಯಾವುದೂ ತಪ್ಪುವುದಿಲ್ಲ. ಮಳೆ ಬಂದರೂ ನನ್ನ ಪ್ರಾರ್ಥನೆ ಸರಿ, ಬಿಸಿಲು ಬಂದರೂ ಸರಿ. ಪಾಸ್ಟರ್ ಮರ್ಯಾದೆಗೆ ಏನೂ ಆಗುವುದಿಲ್ಲ. ಇಲ್ಲ ಅನ್ನಿಸಿಕೊಳ್ಳುವ ಭಯಕ್ಕೆ ನಾನು ದೀನತೆಯ ಬಟ್ಟೆ ತೊಡಿಸಿದ್ದೆ, ಅಷ್ಟೇ.

ನಿಮ್ಮ 'ನಿನ್ನ ಚಿತ್ತದಂತೆ ಆಗಲಿ' ಕೂಡ ಹಾಗೇ ಅಂತ ನಾನು ತೀರ್ಪು ಕೊಡುವುದಿಲ್ಲ. ಆ ಮಾತು ದೊಡ್ಡದು. ಆದರೆ ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಅದನ್ನು ಯಾವಾಗ ಹೇಳಿದ ನೋಡಿ. ಮೊದಲು 'ಸಾಧ್ಯವಾದರೆ ಈ ಪಾತ್ರೆ ನನ್ನನ್ನು ಬಿಟ್ಟು ಹೋಗಲಿ' ಅಂತ ಕೇಳಿದ, ಪಾತ್ರೆ ಅಂದರೆ ಮುಂದಿದ್ದ ಸಂಕಟ. ತನಗೇನು ಬೇಡ ಅಂತ ತಂದೆಗೆ ನೇರವಾಗಿ ಹೇಳಿದ, ಒಂದು ಸಲ ಅಲ್ಲ, ಎದ್ದು ಹೋಗಿ ಬಂದು ಮೂರು ಸಲ. ಆಮೇಲೆ ನಿನ್ನ ಚಿತ್ತ. ನಾವು ಮೊದಲ ಅರ್ಧ ಬಿಟ್ಟು ಎರಡನೆಯ ಅರ್ಧಕ್ಕೆ ಹಾರಿಬಿಡುತ್ತೇವೆ. ಒಪ್ಪಿಸಿಕೊಡುವುದಕ್ಕೆ ಕೈಯಲ್ಲಿ ಏನಾದರೂ ಇರಬೇಕಲ್ಲ.

ಅತ್ತೆಯವರ ಮಾತಿಗೆ ಬರುತ್ತೇನೆ. ದೇವರಿಗೆ ಗೊತ್ತಿಲ್ವಾ ಅನ್ನುವುದು ಸರಿಯಾದ ಪ್ರಶ್ನೆಯೇ, ಅವರ ಮೇಲೆ ಕೋಪ ಮಾಡಿಕೊಳ್ಳಬೇಡಿ. ಕೇಳುವ ಮೊದಲೇ ನಿಮಗೆ ಏನು ಬೇಕು ಅಂತ ತಂದೆಗೆ ಗೊತ್ತು ಅಂತ ಯೇಸುವೇ ಹೇಳಿದ್ದಾನೆ, ಮತ್ತಾಯ 6ನೇ ಅಧ್ಯಾಯ 8ನೇ ವಚನ. ಆದರೆ ಹಾಗೆ ಹೇಳಿದವನು ಮರು ವಚನದಿಂದಲೇ ಹೇಗೆ ಕೇಳಬೇಕು ಅಂತ ಕಲಿಸುತ್ತಾನೆ, ಅದರಲ್ಲಿ ಇವತ್ತಿನ ಊಟವೂ ಬರುತ್ತದೆ. ಸಂಜೆ ಶಾಲೆಯಿಂದ ಬಂದ ಮಗುವಿಗೆ ಹಸಿವಾಗಿದೆ ಅಂತ ನಿಮಗೆ ಗೊತ್ತು. ಆದರೂ ಅದು ಬಂದು ಸೆರಗು ಹಿಡಿದು 'ಅಮ್ಮಾ ದೋಸೆ' ಅಂದರೆ ನಿಮಗೆ ಬೇಜಾರಾಗುತ್ತದಾ? ಗೊತ್ತಿಲ್ಲದವರಿಗೆ ವಿಷಯ ತಿಳಿಸುವುದಕ್ಕೆ ಮಾತ್ರ ಬಾಯಿ ಇರುವುದಾದರೆ ನಮ್ಮ ಮನೆಗಳಲ್ಲಿ ಅರ್ಧ ಮಾತೇ ಇರುತ್ತಿರಲಿಲ್ಲ.

ಮಾರ್ಕ 10ನೇ ಅಧ್ಯಾಯವನ್ನು ಒಂದು ಸಲ ನಿಧಾನವಾಗಿ ಓದಿ. ಈ ವಿಷಯದಲ್ಲಿ ನನಗೆ ಅದಕ್ಕಿಂತ ಒಳ್ಳೆಯ ಪಾಠ ಸಿಕ್ಕಿಲ್ಲ. ಯೆರಿಕೋ ಊರಿನ ದಾರಿ ಬದಿಯಲ್ಲಿ ಕುರುಡ ಬಾರ್ತಿಮಾಯ ಭಿಕ್ಷೆ ಬೇಡುತ್ತಾ ಕೂತಿದ್ದಾನೆ. ಯೇಸು ಬರುತ್ತಿದ್ದಾನೆ ಅಂತ ಕೇಳಿ 'ನನ್ನನ್ನು ಕರುಣಿಸು' ಅಂತ ಕೂಗುತ್ತಾನೆ. ಸುಮ್ಮನಿರು ಅಂತ ಜನ ಗದರಿಸಿದರೆ ಇನ್ನೂ ಜೋರಾಗಿ ಕೂಗುತ್ತಾನೆ. ಇದು ಧೈರ್ಯದ ಪ್ರಾರ್ಥನೆ, ಸರಿ. ಆದರೆ ಯೇಸು ಅಷ್ಟಕ್ಕೇ ಬಿಡುವುದಿಲ್ಲ. ಹತ್ತಿರ ಕರೆಸಿ, 'ನಾನು ನಿನಗೆ ಏನು ಮಾಡಬೇಕು?' ಅಂತ ಕೇಳುತ್ತಾನೆ. ಎದುರಿಗೆ ನಿಂತಿರುವವನು ಕುರುಡ ಅಂತ ನೋಡಿದ ಯಾರಿಗಾದರೂ ಗೊತ್ತಾಗುತ್ತದೆ. ಆದರೂ ಅವನ ಬಾಯಿಂದಲೇ ಬರಲಿ ಅಂತ. ಭಿಕ್ಷುಕ ಚಿಲ್ಲರೆ ಕೇಳಬಹುದಿತ್ತು, ರೂಢಿಯಲ್ಲಿ ಇದ್ದದ್ದು ಅದೇ. ಅವನು ಕಣ್ಣು ಕೇಳಿದ.

ಇದನ್ನು ಎಲ್ಲ ಪಾಸ್ಟರುಗಳೂ ಹೇಳುತ್ತಾರೆ. ಕಡಿಮೆ ಹೇಳುವ ಇನ್ನೊಂದು ವಿಷಯ ಅದೇ ಅಧ್ಯಾಯದಲ್ಲಿ ಹದಿನೈದು ವಚನ ಮೇಲಿದೆ. ಯೇಸುವಿನ ಶಿಷ್ಯರಾದ ಯಾಕೋಬ ಯೋಹಾನ ಅಣ್ಣತಮ್ಮ ಬಂದು 'ನಾವು ಕೇಳಿದ್ದನ್ನು ನೀನು ಮಾಡಿಕೊಡಬೇಕು' ಅನ್ನುತ್ತಾರೆ. ಯೇಸು ಅವರಿಗೂ ಅದೇ ಪ್ರಶ್ನೆ ಹಾಕುತ್ತಾನೆ: ನಾನು ನಿಮಗೆ ಏನು ಮಾಡಬೇಕು? ಅವರದ್ದೂ ಕರಾರುವಾಕ್ಕಾದ ಬೇಡಿಕೆ, ಯೇಸು ಮಹಿಮೆಯಲ್ಲಿ ಕೂರುವಾಗ ಒಬ್ಬನಿಗೆ ಅವನ ಬಲಗಡೆ ಸೀಟು, ಇನ್ನೊಬ್ಬನಿಗೆ ಎಡಗಡೆ. ಧೈರ್ಯಕ್ಕಂತೂ ಏನೂ ಕಡಿಮೆಯಿಲ್ಲ. ಅವರಿಗೆ ಸಿಕ್ಕಿದ ಉತ್ತರ ಇಲ್ಲ ಅಂತ. ನೀವು ಕೇಳುತ್ತಿರುವುದು ಏನು ಅಂತ ನಿಮಗೇ ಗೊತ್ತಿಲ್ಲ ಅಂದ. ಒಂದೇ ಅಧ್ಯಾಯ, ಒಂದೇ ಪ್ರಶ್ನೆ, ಒಂದು ಕಡೆ ಹೌದು, ಒಂದು ಕಡೆ ಇಲ್ಲ. ನೇರವಾಗಿ ಕೇಳಿದರೆ ದೇವರು ಕೊಡಲೇಬೇಕು ಅನ್ನುವವರು ಮೇಲಿನ ಕಥೆಯನ್ನು ಬಿಡುತ್ತಾರೆ. ನೇರವಾಗಿ ಕೇಳುವುದೇ ತಪ್ಪು ಅನ್ನುವವರು ಕೆಳಗಿನದನ್ನು ಬಿಡುತ್ತಾರೆ. ಸೀಟು ಕೇಳಿದ ಆ ಅಣ್ಣತಮ್ಮರನ್ನು ಯೇಸು ಹೊರಗೆ ಹಾಕಲಿಲ್ಲ ಅನ್ನುವುದನ್ನೂ ಗಮನಿಸಿ. ಸಿಟ್ಟಾದದ್ದು ಉಳಿದ ಹತ್ತು ಜನ ಶಿಷ್ಯರು. (ನಮ್ಮ ಸಭೆಗಳಲ್ಲೂ ಹಾಗೇ, ಒಬ್ಬರು ದೊಡ್ಡದಾಗಿ ಏನಾದರೂ ಕೇಳಿದರೆ ದೇವರಿಗಿಂತ ಮೊದಲು ಪಕ್ಕದವರಿಗೆ ತಡೆಯಲಾಗುವುದಿಲ್ಲ.)

ಇನ್ನು ಧೈರ್ಯದ ವಿಷಯ. ನಿಮ್ಮ ಮನೆಯವರು ತೋಟದ ರೈಟರ್ ಅಂದಿರಿ, ಹಾಗಾಗಿ ಈ ಚಿತ್ರ ನಿಮಗೆ ಬೇಗ ಹತ್ತುತ್ತದೆ. ತೋಟದ ಕೂಲಿಯವರ ಲೈನ್ ಮನೆಯಿಂದ ಒಬ್ಬರು ಮುಂಗಡ ಕೇಳಲು ಬಂಗಲೆಗೆ ಹೋದರೆ ಎಲ್ಲಿ ನಿಲ್ಲುತ್ತಾರೆ? ಹಿಂದಿನ ಮೆಟ್ಟಿಲ ಹತ್ತಿರ, ತಲೆಯ ಟವೆಲ್ ಕೈಗೆ ತೆಗೆದುಕೊಂಡು. ಎಷ್ಟು ಬೇಕು ಅಂತ ಕೇಳಿದರೂ ನೇರವಾಗಿ ಹೇಳುವುದಿಲ್ಲ, 'ತಮಗೆ ತಿಳಿದಷ್ಟು ಕೊಡಿ' ಅನ್ನುತ್ತಾರೆ. ಜಾಸ್ತಿ ಕೇಳಿದರೆ ದಣಿಗೆ ಸಿಟ್ಟು ಬರುತ್ತದೋ ಅಂತ ಭಯ. ಅದೇ ಹೊತ್ತಿಗೆ ದಣಿಯ ಮೊಮ್ಮಗಳು ಒಳಗೆ ಓಡಿಬಂದು ಫ್ರಿಜ್ ಬಾಗಿಲು ತೆಗೆದು 'ತಾತಾ, ಐಸ್‌ಕ್ರೀಮ್ ಮುಗಿದಿದೆ' ಅಂತ ಕಿರುಚುತ್ತಾಳೆ. ಅವಳದ್ದು ಅಹಂಕಾರ ಅಂತೀರಾ? ಅವಳು ಆ ಮನೆಯ ಮಗು.

ಇಬ್ರಿಯರಿಗೆ ಬರೆದ ಪತ್ರದ 4ನೇ ಅಧ್ಯಾಯ 16ನೇ ವಚನದಲ್ಲಿ ಧೈರ್ಯದಿಂದ ಕೃಪಾಸನದ ಮುಂದೆ ಬರೋಣ ಅಂತ ಇದೆಯಲ್ಲ, ಅಲ್ಲಿ ಧೈರ್ಯಕ್ಕೆ ಇರುವ ಗ್ರೀಕ್ ಪದ 'ಪರ್ರೇಸಿಯ'. ಗ್ರೀಕ್ ಪಟ್ಟಣಗಳಲ್ಲಿ ಊರಿನ ಸಭೆಯಲ್ಲಿ ನಾಗರಿಕನಿಗೆ ಬಾಯಿಬಿಟ್ಟು ಮಾತಾಡುವ ಹಕ್ಕು ಇತ್ತು, ಗುಲಾಮನಿಗೆ ಇರಲಿಲ್ಲ. ಆ ಹಕ್ಕಿನ ಹೆಸರು ಅದು. ಇದನ್ನು ಓದುವಾಗ ನನಗೆ ನಿಮ್ಮ ಸಿದ್ದಾಪುರದ ಕಡೆಯ ಆನಂದಪುರ ನೆನಪಾಗುತ್ತದೆ. 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಹೊರಡಿಸಿದ ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ 1850ರ ದಶಕದಲ್ಲಿ ಕೊಡಗಿಗೆ ಬಂದು ಅಲ್ಲಿ ಸಭೆ ಕಟ್ಟಿದಾಗ ಮೊದಲು ಸೇರಿದವರು ಬೇರೆಯವರ ಗದ್ದೆಯಲ್ಲಿ ತಲೆಮಾರುಗಳಿಂದ ಜೀತ ಮಾಡಿದ ಜನ. ಯಾರ ಮುಂದೆಯೂ ತಲೆ ಎತ್ತಿ 'ನನಗೆ ಇಂಥದ್ದು ಬೇಕು' ಅಂತ ಹೇಳಿ ಅಭ್ಯಾಸವಿಲ್ಲದವರಿಗೆ 'ನಮ್ಮ ತಂದೆಯೇ' ಅಂತ ಬಾಯಿಬಿಟ್ಟು ಹೇಳಲು ಕಲಿಸಿದ್ದು ಎಂಥ ವಿಷಯ ಅಂತ ಯೋಚಿಸಿ. ಎಷ್ಟೋ ತಲೆಮಾರು ಕಳೆದಿದೆ, ನಾವು ಇನ್ನೂ ದೇವರನ್ನು ದಣಿ ಮಾಡಿಕೊಂಡು ಹಿಂಬಾಗಿಲಲ್ಲಿ ನಿಂತಿರುತ್ತೇವೆ.

ಧೈರ್ಯ ಅಂದರೆ ಗಂಟಲು ಅಲ್ಲ, ಇದನ್ನೂ ಹೇಳಿಬಿಡುತ್ತೇನೆ. ಬೈಬಲಿನಲ್ಲಿ ಮಕ್ಕಳಿಲ್ಲದ ಹನ್ನ ಶೀಲೋವಿನ ದೇವಾಲಯದಲ್ಲಿ ಪ್ರಾರ್ಥಿಸುವಾಗ ತುಟಿ ಅಲ್ಲಾಡಿಸಿದಳೇ ಹೊರತು ಸ್ವರ ಹೊರಗೆ ಬರಲಿಲ್ಲ, ಯಾಜಕ ಏಲಿ ಅವಳನ್ನು ಕುಡಿದವಳು ಅಂದುಕೊಂಡ. ಕೇಳಿದ್ದು ಮಾತ್ರ ಸ್ಪಷ್ಟ, ಒಂದು ಗಂಡು ಮಗು. ಮೈಕ್ ಹಿಡಿದು 'ಆಜ್ಞಾಪಿಸುತ್ತೇನೆ, ಈಗಲೇ ಬಿಡುಗಡೆಯಾಗಲಿ' ಅಂತ ಕೂಗುವುದು ಬೇರೆ ಜಾತಿಯದ್ದು, ಅದರ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯ ಇಲ್ಲ. ಇಷ್ಟು ಕಾಣಿಕೆ ಹಾಕಿದರೆ ಇಷ್ಟು ಪಟ್ಟು ಬರುತ್ತದೆ ಅಂತ ಯಾರಾದರೂ ಹೇಳಿದರೆ ಮಗಳ ಫೀಸಿಗೆ ಇಟ್ಟ ದುಡ್ಡಿನಲ್ಲಿ ಹತ್ತು ರೂಪಾಯಿಯನ್ನೂ ಅಲ್ಲಿ ಹಾಕಬೇಡಿ. ಪ್ರಾರ್ಥನೆ ಮಾಡಿದ್ದೇವೆ ಅಂತ ಶುಗರ್ ಮಾತ್ರೆ ಬಿಟ್ಟವರನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋದದ್ದೂ ಆಗಿದೆ ನನಗೆ.

ಈಗ ನಿಮ್ಮ ಒಂದು ಲಕ್ಷಕ್ಕೆ ಬರೋಣ. 'ಸುಮಾರು' ಅಂತ ಬರೆದಿದ್ದೀರಿ. ಸುಮಾರು ಅಂದರೆ ಎಷ್ಟಮ್ಮಾ? ಕಾಲೇಜು ಫೀಸು ಎಷ್ಟು, ಹಾಸ್ಟೆಲ್ ಎಷ್ಟು, ಯೂನಿಫಾರ್ಮು ಪುಸ್ತಕಕ್ಕೆ ಎಷ್ಟು? ಎರಡು ಕಂತಿನಲ್ಲಿ ಕಟ್ಟಬಹುದಾ? ಕೊನೆಯ ದಿನ ಯಾವುದು? ಇದನ್ನೆಲ್ಲ ವಿಚಾರಿಸುವುದೂ ಪ್ರಾರ್ಥನೆಯ ಭಾಗವೇ ಅಂತ ನನಗೆ ಕಲಿಸಿದವನು ಬೈಬಲಿನ ನೆಹೆಮೀಯ, ಪಾರಸಿಯ ಅರಸನ ಅರಮನೆಯಲ್ಲಿ ಸೇವೆಗಿದ್ದ ಯೆಹೂದ್ಯ. ಯೆರೂಸಲೇಮಿನ ಗೋಡೆ ಬಿದ್ದಿದೆ ಅಂತ ಅವನಿಗೆ ಸುದ್ದಿ ಬಂದದ್ದು ಕಿಸ್ಲೇವ್ ತಿಂಗಳಲ್ಲಿ. ಅರಸನ ಮುಂದೆ ಬಾಯಿಬಿಟ್ಟದ್ದು ನೀಸಾನ್ ತಿಂಗಳಲ್ಲಿ. ಮಧ್ಯೆ ಸುಮಾರು ನಾಲ್ಕು ತಿಂಗಳು ಅತ್ತು, ಉಪವಾಸ ಮಾಡಿ ಪ್ರಾರ್ಥನೆ ಮಾಡಿದ್ದಾನೆ. ಅರಸ 'ನಿನಗೇನು ಬೇಕು?' ಅಂದಾಗ ಮನಸ್ಸಿನಲ್ಲೇ ಒಂದು ಚಿಕ್ಕ ಪ್ರಾರ್ಥನೆ ಮಾಡಿ ಪಟಪಟನೆ ಹೇಳುತ್ತಾನೆ: ಇಷ್ಟು ಸಮಯ ಬೇಕು, ನದಿಯಾಚೆಯ ಅಧಿಕಾರಿಗಳಿಗೆ ಪತ್ರ ಬೇಕು, ಅರಸನ ಕಾಡು ನೋಡಿಕೊಳ್ಳುವ ಆಸಾಫನಿಗೆ ಒಂದು ಪತ್ರ, ಬಾಗಿಲಿಗೆ, ಗೋಡೆಗೆ, ನನ್ನ ಮನೆಗೆ ಮರ ಕೊಡಲಿ ಅಂತ. ಮರ ಕಡಿಯಲು ಫಾರೆಸ್ಟ್ ಪರ್ಮಿಟ್‌ಗಾಗಿ ಅಲೆದ ಕೊಡಗಿನವರು ಈ ಭಾಗ ಓದಿ ನಗದೇ ಇರುವುದಿಲ್ಲ. ಕಾಡಿನ ಅಧಿಕಾರಿಯ ಹೆಸರೂ ಅವನಿಗೆ ಗೊತ್ತಿತ್ತು! ನಾಲ್ಕು ತಿಂಗಳ ಪ್ರಾರ್ಥನೆ ಅವನ ದುಃಖವನ್ನು ಒಂದು ಪಟ್ಟಿಯಾಗಿ ಮಾಡಿತ್ತು.

ಹಾಗಾಗಿ ಮೊದಲು ಕಾಲೇಜಿಗೆ ಫೋನ್ ಮಾಡಿ. ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ತೆಗೆಸಿ. ವಿದ್ಯಾರ್ಥಿವೇತನಕ್ಕೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಮಗಳ ಆಧಾರ್ ಬ್ಯಾಂಕ್ ಖಾತೆಗೆ ಜೋಡಣೆ ಆಗಿದೆಯಾ ನೋಡಿ, ಬ್ಯಾಂಕಿನಲ್ಲಿ ಶಿಕ್ಷಣ ಸಾಲ ಕೇಳಿ. ಇದೆಲ್ಲ ಕಳೆದು ಉಳಿಯುವ ಮೊತ್ತ ಎಷ್ಟೋ ಅದನ್ನು ಬರೆದುಕೊಂಡು ಕೇಳಿ. ಸರ್ಟಿಫಿಕೇಟು ಬೇಗ ಸಿಗಲಿ ಅಂತಲೂ ಕೇಳಿ, ಅದೇನು ಸಣ್ಣ ವಿಷಯವಲ್ಲ.

ಯಾವುದನ್ನು ಕೇಳಲು ಮರೆಯುತ್ತೇವೆ ಅನ್ನುವುದಕ್ಕೆ ಒಂದು ತಮಾಷೆಯ ಪ್ರಸಂಗ ಇದೆ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜಾರ್ಜ್ ಮುಲ್ಲರ್ ಅಂತ ಇದ್ದರು, 1805ರಿಂದ 1898. ಬದುಕಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅನಾಥ ಮಕ್ಕಳನ್ನು ಸಾಕಿದವರು. 1835ರ ಕೊನೆಯಲ್ಲಿ ಅನಾಥಾಶ್ರಮ ತೆರೆಯಬೇಕು ಅಂತ ಮನಸ್ಸಾದಾಗ ಮನೆ ಕೇಳಿದರು, ಸಾವಿರ ಪೌಂಡು ಕೇಳಿದರು, ಕೆಲಸಕ್ಕೆ ತಕ್ಕ ಜನ ಕೇಳಿದರು. ಎಲ್ಲ ಒದಗಿ ಬರತೊಡಗಿತು. 1836ರ ಫೆಬ್ರವರಿಯಲ್ಲಿ ಮಕ್ಕಳನ್ನು ಸೇರಿಸಲು ಅರ್ಜಿ ತೆಗೆದುಕೊಳ್ಳುತ್ತೇವೆ ಅಂತ ದಿನ ಗೊತ್ತು ಮಾಡಿ ಕೂತರೆ ಒಬ್ಬರೂ ಬರಲಿಲ್ಲ. ಆಗ ಹೊಳೆಯಿತಂತೆ, ಮಕ್ಕಳು ಹೇಗೂ ಬಂದೇ ಬರುತ್ತಾರೆ ಅಂದುಕೊಂಡು ಮಕ್ಕಳನ್ನೇ ಕೇಳಿರಲಿಲ್ಲ. ಆ ರಾತ್ರಿ ಅದನ್ನೂ ಕೇಳಿದರು. ಮರುದಿನ ಮೊದಲ ಅರ್ಜಿ ಬಂತು.

ಇದನ್ನು ಓದಿ 'ಓ, ಕೇಳಿದರೆ ಮರುದಿನವೇ' ಅಂದುಕೊಳ್ಳಬೇಡಿ. ನನ್ನ ಅಣ್ಣನಿಗೆ ಕಿಡ್ನಿ ಹೋಗಿತ್ತು. ಒಂದು ಕ್ರಿಸ್ಮಸ್ ನಮ್ಮ ಜೊತೆ ಮಾಡಲಿ ಅಂತ ನಾನು ದಿನ ಹೆಸರಿಸಿ ಕೇಳಿದೆ, ಸಭೆಯವರೂ ಕೇಳಿದರು. ಡಿಸೆಂಬರ್ ಮೊದಲ ವಾರದಲ್ಲಿ ಹೋದ. ನನಗೆ ದೇವರ ಮೇಲೆ ಸಿಟ್ಟು ಬಂತು. ಸಿಟ್ಟು ಬಂತು ಅಂತ ಅವನಿಗೇ ಹೇಳಿದೆ, ಅದೂ ನೇರವಾಗಿಯೇ. ಎಷ್ಟೋ ತಿಂಗಳು ನನ್ನ ಪ್ರಾರ್ಥನೆಯೆಲ್ಲ ಇಷ್ಟೇ ಆಗಿತ್ತು. ಅಪೊಸ್ತಲ ಪೌಲನೂ ತನ್ನನ್ನು ಕಾಡುತ್ತಿದ್ದ ಮೈಯ ಮುಳ್ಳು ತೆಗೆ ಅಂತ ಮೂರು ಸಲ ಕೇಳಿ 'ನನ್ನ ಕೃಪೆಯೇ ನಿನಗೆ ಸಾಕು' ಅಂತ ಕೇಳಿಸಿಕೊಂಡವನು, ಅದನ್ನು ಕಂಠಪಾಠ ಹೇಳಬಲ್ಲೆ, ಆದರೆ ಆ ಡಿಸೆಂಬರಿನಲ್ಲಿ ಅದು ನನಗೆ ತಕ್ಷಣ ಸಮಾಧಾನ ಕೊಡಲಿಲ್ಲ. ಸುಳ್ಳು ಹೇಳಬಾರದು ನಾನು. ಆದರೆ ನೀವು ಕೇಳಿದ ಪ್ರಶ್ನೆಗೆ ಇದೇ ನನ್ನ ಉತ್ತರ: ನಂಬಿಕೆ ಹೋಗಲಿಲ್ಲ. ಜಗಳವಾಡುವಷ್ಟು ಹತ್ತಿರ ಇದ್ದೆ ನಾನು. ಅಂದಾಜಿನಲ್ಲಿ ಪ್ರಾರ್ಥಿಸುತ್ತಿದ್ದ ಕಾಲದಲ್ಲಿ ದೇವರ ಜೊತೆ ಜಗಳಕ್ಕೂ ವಿಷಯ ಇರಲಿಲ್ಲ.

2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದು ಜನ ಪರಿಹಾರ ಕೇಂದ್ರಗಳಲ್ಲಿ ಇದ್ದರಲ್ಲ, ಆಗ ಕೇಳಿದ ಪ್ರಾರ್ಥನೆಗಳು ಇನ್ನೂ ಕಿವಿಯಲ್ಲಿವೆ. ಯಾರೂ ಉದ್ದ ಎಳೆಯಲಿಲ್ಲ. ಒಬ್ಬರಿಗೆ ಇನ್ಸುಲಿನ್ ಬೇಕಿತ್ತು. ಒಬ್ಬ ಹೆಂಗಸು ತೋಟದಲ್ಲಿ ಬಿಟ್ಟು ಬಂದ ಹಸುವಿನ ಹಗ್ಗ ಯಾರಾದರೂ ಬಿಚ್ಚಿರಲಿ ಅಂತ ಕೇಳಿದರು. ಅಷ್ಟೇ ಪ್ರಾರ್ಥನೆ, ಆಮೆನ್. ಅದನ್ನು ಕೇಳಿದ ಒಬ್ಬ ಹುಡುಗ ಎದ್ದು ಫೋನ್ ಹಿಡಿದು ಹೊರಗೆ ಹೋದ, ಆ ಕಡೆ ಯಾರಾದರೂ ಇದ್ದಾರಾ ವಿಚಾರಿಸಲು. ಸ್ಪಷ್ಟವಾಗಿ ಕೇಳಿದಾಗ ಪಕ್ಕದಲ್ಲಿ ಕೂತವರಿಗೂ ಕೇಳಿಸುತ್ತದೆ.

ಬಿಸಿಲು ಮಳೆಯ ಕಥೆ ಅರ್ಧಕ್ಕೇ ನಿಂತಿತ್ತು. ಮುಂದಿನ ಬುಧವಾರ ನಾನು ಕ್ಷಮೆ ಕೇಳಿ, ಇಬ್ಬರ ಹೆಸರೂ ಹೇಳಿ ಪ್ರಾರ್ಥಿಸಿದೆ. ಅಜ್ಜಿಯ ಕಣದಲ್ಲಿ ಹದಿನಾಲ್ಕು ಚೀಲದಷ್ಟು ಹಣ್ಣು ಇದೆ, ಇನ್ನು ನಾಲ್ಕು ದಿನ ಬಿಸಿಲು ಕೊಡು. ಇವರ ಎರಡು ಎಕರೆಗೆ ಒಂದು ಇಂಚು ಮಳೆ ಕೊಡು. ಎರಡನ್ನೂ ಹೇಗೆ ಹೊಂದಿಸುತ್ತೀಯೋ ನನಗೆ ಗೊತ್ತಿಲ್ಲ. ಕೆಲವರು ಕಣ್ಣು ಮುಚ್ಚಿಕೊಂಡೇ ನಕ್ಕರು. ಮೂರನೇ ದಿನ ನಾಲ್ಕು ಗಂಟೆಗೆ ಮೋಡ ಕಟ್ಟಿತು. ಆ ಎರಡು ಎಕರೆಯವರು, ಮಳೆ ಬೇಕು ಅಂತ ಕೇಳಿದವರೇ, ತಮ್ಮ ಮನೆಯ ದೊಡ್ಡ ಟಾರ್ಪಾಲು ಹೆಗಲ ಮೇಲೆ ಹಾಕಿಕೊಂಡು ಬೇಲಿ ದಾಟಿ ಅಜ್ಜಿಯ ಅಂಗಳಕ್ಕೆ ಬಂದರು. ಹದಿನಾಲ್ಕು ಚೀಲ ಅಂತ ಅವರಿಗೆ ಗೊತ್ತಿತ್ತಲ್ಲ. ರಾಶಿ ಮಾಡಿ ಮುಚ್ಚುವ ಹೊತ್ತಿಗೆ ಹನಿ ಶುರುವಾಯಿತು. ಅವತ್ತು ನನ್ನ ಪುಸ್ತಕದಲ್ಲಿ ಅರವತ್ತು ಸೆಂಟು ಅಂತಿದೆ. ಅಜ್ಜಿಗೆ ನಾಲ್ಕು ದಿನ ಸಿಗಲಿಲ್ಲ, ಅವರಿಗೆ ಒಂದು ಇಂಚೂ ಸಿಗಲಿಲ್ಲ. ಹಣ್ಣು ಮಾತ್ರ ನೆನೆಯಲಿಲ್ಲ.

ನೀವೂ ಒಂದು ಪುಸ್ತಕ ಇಟ್ಟುಕೊಳ್ಳಿ, ಮಳೆ ಪುಸ್ತಕದ ಹಾಗೆ. ಕೇಳಿದ ದಿನ, ಕೇಳಿದ್ದು ಏನು, ಆಮೇಲೆ ಏನಾಯಿತು. ಮಳೆ ಬೀಳದ ದಿನವೂ ನಾವು ಸೊನ್ನೆ ಅಂತ ಬರೆಯುತ್ತೇವಲ್ಲ, ಹಾಗೇ ಸಿಗದಿದ್ದರೆ ಸಿಗಲಿಲ್ಲ ಅಂತಲೇ ಬರೆಯಿರಿ. ಒಂದನ್ನು ಕೇಳುತ್ತಾ ಕೇಳುತ್ತಾ ನಿಮ್ಮ ಬೇಡಿಕೆಯೇ ಬದಲಾದರೆ ಹಳೆಯದನ್ನು ಹೊಡೆದು ಹಾಕದೆ ಕೆಳಗೆ ಹೊಸದು ಬರೆಯಿರಿ. ಅತ್ತೆಯವರಿಗೆ ಓದಿ ಹೇಳುವ ಅಗತ್ಯವಿಲ್ಲ, ಆದರೆ ಅವರನ್ನೂ ಒಂದು ದಿನ ಜೊತೆಯಲ್ಲಿ ಕೂರಿಸಿಕೊಂಡು ಮೊಮ್ಮಗಳಿಗಾಗಿ ನೀವೇನು ಕೇಳುತ್ತೀರಿ ಅಂತ ಕೇಳಿ ನೋಡಿ.

ಮಗಳ ಹೆಸರು, ಕಾಲೇಜು ಲೆಕ್ಕ ಹಾಕಿದ ಮೇಲೆ ಉಳಿಯುವ ಮೊತ್ತ, ಕಟ್ಟುವ ಕೊನೆಯ ದಿನ, ಮೂರನ್ನೂ ನನಗೆ ಬರೆದು ಕಳಿಸಿ. ಬುಧವಾರದ ಕೂಟದಲ್ಲಿ ಇಡುತ್ತೇನೆ. ಮೊತ್ತ ಬರೆಯಲು ಮರೆಯಬೇಡಿ, ಆ ಅಜ್ಜಿ ಈಗಲೂ ಬರುತ್ತಾರೆ, ನಾನು 'ಫೀಸಿನ ಕೊರತೆ' ಅಂತ ಶುರು ಮಾಡಿದರೆ ಕಣ್ಣು ಬಿಟ್ಟು 'ಎಷ್ಟು?' ಅಂತ ಕೇಳೇ ಕೇಳುತ್ತಾರೆ.